ಮೊದಲು ಮೊರ, ಆಮೇಲೆ ಡಬ್ಬಿ



ಪರೀಕ್ಷೆ ಮುಗಿದ ಮರುದಿನ ನಿಮ್ಮ ಮೇಜನ್ನೊಮ್ಮೆ ನೋಡಿ. ಕಳೆದ ವರ್ಷದ ಗೈಡು, ಅರ್ಧ ಬರೆದ ನೋಟ್‌ಬುಕ್ಕುಗಳು, ಇಂಕು ಮುಗಿದ ಪೆನ್ನುಗಳು, ಯಾವ ಫೋನಿನದೆಂದು ತಿಳಿಯದ ಚಾರ್ಜರ್. "ಇದನ್ನೆಲ್ಲ ಓರಣವಾಗಿ ಇಡು" ಎಂದು ಮನೆಯಲ್ಲಿ ಹೇಳುತ್ತಾರೆ. ನಾವು ಮಾಡುವುದೇನು? ಅಂಗಡಿಯಿಂದ ಒಂದು ಡಬ್ಬಿ ತಂದು, ಎಲ್ಲವನ್ನೂ ತುಂಬಿ, ಮುಚ್ಚಳ ಹಾಕುತ್ತೇವೆ.

ಬಿ.ಎಸ್ಸಿ. ಮುಗಿಸಿದಾಗ ನಾನೂ ಹೀಗೆಯೇ ನಾಲ್ಕು ಡಬ್ಬಿ ತುಂಬಿದ್ದೆ. ನೋಡಲು ಬಲು ಅಂದವಾಗಿತ್ತು. ಆದರೆ ಕೆಲಸದ ಸಂದರ್ಶನದ ಹಿಂದಿನ ರಾತ್ರಿ ಅಂಕಪಟ್ಟಿ ಸಿಗಲಿಲ್ಲ. ನಾಲ್ಕೂ ಡಬ್ಬಿ ಸುರಿದು ಹುಡುಕಿದೆ. ಎರಡು ಗಂಟೆಯ ಹೊತ್ತಿಗೆ ಅದು ಹಳೆಯ ಪ್ರಾಕ್ಟಿಕಲ್ ರೆಕಾರ್ಡಿನ ನಡುವೆ ಸಿಕ್ಕಿತು. ಪಕ್ಕದಲ್ಲಿ ಕುಳಿತಿದ್ದ ಅಮ್ಮ, "ಅಕ್ಕೀನ ಕೇರದೆ ಯಾರಾದ್ರೂ ಡಬ್ಬಿಗೆ ತುಂಬ್ತಾರೇನೋ?" ಎಂದರು.

ಅಮ್ಮ ಹೇಳಿದ ಕ್ರಮವನ್ನೇ ಜಪಾನಿನ ಕಾರ್ಖಾನೆಗಳು ಅನುಸರಿಸುತ್ತವೆ. 'ಐದು ಎಸ್' ಎಂಬ ಆ ಪದ್ಧತಿಯ ಮೊದಲ ಹೆಜ್ಜೆ 'ಸೇರಿ'. ಕನ್ನಡದ 'ಸೇರಿ'ಗೆ ತೀರ ಬೇರೆಯದೇ ಆದ ಅರ್ಥ ಅದಕ್ಕೆ: ಬೇಕಾದುದನ್ನೂ ಬೇಡವಾದುದನ್ನೂ ಬೇರ್ಪಡಿಸುವುದು. ಉಳಿದದ್ದನ್ನು ಕ್ರಮವಾಗಿ ಇಡುವುದು ಎರಡನೆಯ ಹೆಜ್ಜೆ. ಗುಡಿಸಿ ಒರೆಸುವ ಕೆಲಸ ಮೂರನೆಯದು.

ಈ ಕ್ರಮವೇ ಏಕೆ? ಲೆಕ್ಕ ಮಾಡಿ ನೋಡಿ. ಐದು ಪುಸ್ತಕಗಳನ್ನು ಸಾಲಾಗಿ ಜೋಡಿಸಲು 120 ವಿಧಗಳಿವೆ. ಹತ್ತು ಪುಸ್ತಕಗಳಾದರೆ 36,28,800 ವಿಧ! ವಸ್ತು ಎರಡರಷ್ಟಾದರೆ ತೊಡಕು ಎರಡರಷ್ಟಕ್ಕೆ ನಿಲ್ಲುವುದಿಲ್ಲ. ನಮ್ಮ ಸಂಕಲನ ಕೊಠಡಿಯಲ್ಲಿ ಇದು ನಿತ್ಯದ ಅನುಭವ. ಚಿತ್ರೀಕರಿಸಿದ್ದರಲ್ಲಿ ಅಲುಗಾಡಿದ ದೃಶ್ಯ, ಧ್ವನಿ ಸರಿಯಿಲ್ಲದ ದೃಶ್ಯಗಳನ್ನು ಮೊದಲು ಬದಿಗಿಡುತ್ತೇವೆ. ಉಳಿದವನ್ನು ಮಾತ್ರ ಜೋಡಿಸಲು ಕೂರುತ್ತೇವೆ.

ಆದರೆ ಒಂದು ಎಚ್ಚರಿಕೆ. ಅಂಕಪಟ್ಟಿಯ ಪ್ರಸಂಗದ ನಂತರ ನಾನು ಹುರುಪಿನಿಂದ ಮನೆಯನ್ನೆಲ್ಲ ಖಾಲಿ ಮಾಡಲು ಹೊರಟೆ. ಒಂದು ಕಟ್ಟು ಹಳೆಯ ಪುಸ್ತಕಗಳು ರದ್ದಿ ಅಂಗಡಿ ಸೇರಿದವು. ಸಂಜೆ ಅಪ್ಪ, "ಮಳೆ ಲೆಕ್ಕದ ಪುಸ್ತಕ ಎಲ್ಲಿ?" ಎಂದು ಕೇಳಿದರು. ನಮ್ಮ ಹೊಲದಲ್ಲಿ ಯಾವ ದಿನ ಮಳೆ ಬಂತು, ಏನು ಬಿತ್ತಿದೆವು ಎಂದು ಅವರು ವರ್ಷಗಟ್ಟಲೆ ಬರೆದಿಟ್ಟ ಪುಸ್ತಕ. ನಾನು ಓಡಿದೆ. ಲಾರಿ ಹೊರಟುಹೋಗಿತ್ತು. ಅಪ್ಪ ಬೈಯಲಿಲ್ಲ, ಮತ್ತೆಂದೂ ಮಳೆ ಲೆಕ್ಕ ಬರೆಯಲೂ ಇಲ್ಲ. ಗೈಡು ಇನ್ನೊಂದು ಸಿಗುತ್ತದೆ, ಅಂಥ ಪುಸ್ತಕ ಸಿಗುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ಒಂದು ಭಾನುವಾರ, ಒಂದೇ ಕಪಾಟು. ನಿಮ್ಮ ವಸ್ತುಗಳನ್ನು ಮಾತ್ರ ಮುಟ್ಟಿ. ಬೇರೆಯವರದನ್ನು ಕೇಳದೆ ಎಸೆಯಬೇಡಿ. ಇರಲಿ, ಹೋಗಲಿ, ಗೊತ್ತಿಲ್ಲ ಎಂದು ಮೂರು ಗುಂಪು ಮಾಡಿ. 'ಗೊತ್ತಿಲ್ಲ' ಗುಂಪನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮೇಲೆ ತಾರೀಕು ಬರೆಯಿರಿ. ಆರು ತಿಂಗಳು ತೆರೆಯದಿದ್ದರೆ, ಇನ್ನೊಮ್ಮೆ ನೋಡಿ ತೀರ್ಮಾನಿಸಿ. ನೋಟ್‌ಬುಕ್ಕಿನ ಖಾಲಿ ಹಾಳೆಗಳನ್ನು ಹೊಲಿದರೆ ಲೆಕ್ಕ ಬಿಡಿಸಲು ಪುಸ್ತಕವಾಗುತ್ತದೆ. ಗೈಡನ್ನು ಕಿರಿಯ ವಿದ್ಯಾರ್ಥಿಗೆ ಕೊಡಿ. ಕೆಟ್ಟ ಫೋನು, ಚಾರ್ಜರ್‌ಗಳನ್ನು ಮನೆಯ ಕಸಕ್ಕೆ ಸೇರಿಸದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ಅವುಗಳಲ್ಲಿ ತಾಮ್ರದಂಥ ಮರುಬಳಕೆಯ ಲೋಹಗಳೂ ಇವೆ, ಮಣ್ಣಿಗೆ ಸೇರಬಾರದ ವಿಷವಸ್ತುಗಳೂ ಇರಬಹುದು.

ಇಷ್ಟಾದ ಮೇಲೆ ಡಬ್ಬಿ ಬೇಕೇ ಎಂದು ಯೋಚಿಸಿ. ಬಹುಶಃ ಬೇಕಾಗಲಾರದು. ಮೊರದಲ್ಲಿ ಕೇರುವಾಗ ನಮ್ಮ ತಾಯಂದಿರ ಕಣ್ಣು ಹೊಟ್ಟಿನ ಮೇಲಷ್ಟೇ ಇರುವುದಿಲ್ಲ, ಒಂದು ಕಾಳೂ ಹಾರಿಹೋಗದಂತೆ ಕಾಯುತ್ತಿರುತ್ತದೆ. ನಿಮ್ಮ ಕಣ್ಣೂ ಹಾಗಿರಲಿ.