ಗಿಡ್ಡ ಕಾಂಡ, ಉದ್ದ ಮೊಳಕೆ: ಚಳಿಗಾಲದ ಗೋಧಿಯ ಆನುವಂಶಿಕ ತೊಡಕು

ಗೋಧಿಯ ಕಾಳು ಮೊಳೆತಾಗ ಮೊದಲ ಎಲೆಯನ್ನು ಒಳಗಿಟ್ಟುಕೊಂಡು ಕೊಳವೆಯಂಥ ಕವಚವೊಂದು ಮಣ್ಣು ಸೀಳುತ್ತ ಮೇಲೇಳುತ್ತದೆ. ಸಸ್ಯವಿಜ್ಞಾನದಲ್ಲಿ ಇದರ ಹೆಸರು ಕೋಲಿಯಾಪ್ಟೈಲ್. ಬಿತ್ತಿದ ಆಳಕ್ಕೆ ಹೋಲಿಸಿದರೆ ಇದು ತೀರ ಗಿಡ್ಡವಾದಾಗ ಎಲೆ ಮಣ್ಣೊಳಗೇ ಬಿಚ್ಚಿಕೊಂಡು ಮುದುಡಿಹೋಗುತ್ತದೆ. ಬೆರಳುದ್ದದ ಈ ಅಂಗಕ್ಕೂ ತೆನೆ ಹೊರುವ ಕಾಂಡಕ್ಕೂ ಇರುವ ಆನುವಂಶಿಕ ನಂಟನ್ನು ಬಿಡಿಸಿ ನೋಡುವುದೇ ಈ ಬರಹದ ಆಶಯ.

‘ಚಳಿಗಾಲದ ಗೋಧಿ’ ಎಂಬ ಹೆಸರು ಕನ್ನಡಿಗರ ದಾರಿ ತಪ್ಪಿಸಬಹುದು. ಧಾರವಾಡ, ವಿಜಯಪುರದ ಕಡೆ ಹಿಂಗಾರಿಗೆ ಬಿತ್ತುವ ಗೋಧಿ ಚಳಿಯಲ್ಲೇ ಬೆಳೆದರೂ ಹುಟ್ಟುಗುಣದಲ್ಲಿ ವಸಂತದ ಬಗೆ. ತೆನೆ ಬಿಡಲು ಅದಕ್ಕೆ ಶೀತದ ಹಂಗಿಲ್ಲ. ನಿಜವಾದ ಚಳಿಗಾಲದ ಗೋಧಿಯ ಸಸಿ ವಾರಗಟ್ಟಲೆ ಶೀತ ಉಣ್ಣದೆ ಸಕಾಲಕ್ಕೆ ತೆನೆಗೆ ತಿರುಗುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವಭಾಗದ ಒಣಬಯಲಿನಲ್ಲಿ ಇದನ್ನು ಬೇಸಿಗೆ ಮುಗಿಯುವ ಹೊತ್ತಿಗೇ, ಬೀಳುಬಿಟ್ಟ ಹೊಲದಲ್ಲಿ ಬಿತ್ತುತ್ತಾರೆ. ಹಸಿ ಕೆಳಗಿರುವುದರಿಂದ ಕಾಳನ್ನು 10ರಿಂದ 15 ಸೆಂಟಿಮೀಟರ್ ಮಣ್ಣಿನಡಿ ಇಳಿಸಬೇಕಾಗುತ್ತದೆ. ಮಣ್ಣಿನ ಕಾವು ಮೊಳಕೆಯ ಕವಚವನ್ನು ಇನ್ನಷ್ಟು ಗಿಡ್ಡಗೊಳಿಸುತ್ತದೆ.

ತೊಡಕು ಎದ್ದು ಕಂಡಿದ್ದು ಈ ಸೀಮೆಯಲ್ಲೇ. ಜಪಾನಿನಲ್ಲಿ 1935ರಲ್ಲಿ ಬಿಡುಗಡೆಯಾದ ಗಿಡ್ಡ ತಳಿ ನೋರಿನ್ 10ರ ಬೀಜವನ್ನು ಎರಡನೇ ಮಹಾಯುದ್ಧದ ಬಳಿಕ ಎಸ್. ಸಿ. ಸಾಲ್ಮನ್ ಅಮೆರಿಕಕ್ಕೆ ತಂದರು. ವಾಷಿಂಗ್ಟನ್ ರಾಜ್ಯದ ಪುಲ್‌ಮನ್‌ನಲ್ಲಿ ತಳಿತಜ್ಞ ಆರ್ವಿಲ್ ವೋಗೆಲ್ ಅದನ್ನು ಬ್ರೆವರ್ ತಳಿಯೊಂದಿಗೆ ಸಂಕರಿಸಿದರು; 1961ರಲ್ಲಿ ಗೇನ್ಸ್ ತಳಿ ಹೊರಬಂತು. ಹೆಚ್ಚು ಗೊಬ್ಬರ ಹಾಕಿದರೂ ಪೈರು ಒರಗದು, ಇಳುವರಿಯೂ ಹೆಚ್ಚು. ಅದೇ ಸಂಕರದ ಬೀಜ ನಾರ್ಮನ್ ಬೋರ್ಲಾಗ್ ಅವರ ಕೈಸೇರಿ, ಅದರ ಗಿಡ್ಡತನ ಮೆಕ್ಸಿಕೊದ ತಳಿಗಳ ಮೂಲಕ ಭಾರತಕ್ಕೂ ಬಂದದ್ದು ಗೊತ್ತಿರುವ ಕಥೆ. ಆದರೆ ಆಳದ ಬಿತ್ತನೆಯಲ್ಲಿ ಗಿಡ್ಡ ತಳಿಗಳ ಮೊಳಕೆ ಸೋತಿತು. ಮಳೆ ತೀರ ಕಡಿಮೆಯ ಕಡೆ ರೈತರು ಎತ್ತರದ, ಉದ್ದ ಮೊಳಕೆಯ ಮೋರೊ ತಳಿಯನ್ನು ನೆಚ್ಚಿಕೊಂಡರು.

ಇಲ್ಲಿ ಎರಡು ಗುಣಗಳ ವಂಶವಾಹಿಗಳು ಅಕ್ಕಪಕ್ಕ ಕುಳಿತು ಜೊತೆಯಾಗಿ ಸಾಗಿ ಬರುತ್ತಿವೆ ಎಂದುಕೊಂಡರೆ ತಪ್ಪು. ಒಂದೇ ವಂಶವಾಹಿ ಎರಡು ಕಡೆ ಕೆಲಸ ಮಾಡುತ್ತಿದೆ. ನೋರಿನ್ 10ರ ಗಿಡ್ಡತನದ ವಂಶವಾಹಿಗಳು 4ಬಿ ಮತ್ತು 4ಡಿ ವರ್ಣತಂತುಗಳಲ್ಲಿವೆ. ಇವು ರೂಪಿಸುವ ಡೆಲ್ಲಾ ಪ್ರೋಟೀನು ಬೆಳವಣಿಗೆಗೆ ಹಾಕಿದ ತಡೆ. ಗಿಬ್ಬರೆಲಿನ್ ಹಾರ್ಮೋನು ಬಂದರೆ ಸಹಜವಾಗಿ ಆ ತಡೆ ಕರಗಬೇಕು. ಬದಲಾದ ರೂಪದಲ್ಲಿ ಅದು ಹಾರ್ಮೋನಿನ ಮಾತು ಕೇಳುವುದಿಲ್ಲ. ಕಾಂಡದ ಕೋಶಗಳೂ ಚಾಚುವುದಿಲ್ಲ, ಮೊಳಕೆಯವೂ ಚಾಚುವುದಿಲ್ಲ. ಎಷ್ಟು ಪೀಳಿಗೆ ಸಂಕರಿಸಿದರೂ ಈ ಜೋಡಿ ಬೇರೆಯಾಗದು.

ಆದರೂ ಪೂರ್ತಿ ಕೈಚೆಲ್ಲಬೇಕಿಲ್ಲ. ಕಾಂಡದ ಎತ್ತರದಲ್ಲಿ ಈ ದೊಡ್ಡ ವಂಶವಾಹಿಗಳದೇ ಮೇಲುಗೈಯಾದರೆ, ಕವಚದ ಉದ್ದದಲ್ಲಿ ಅವುಗಳ ಜೊತೆಗೆ ಅಲ್ಪ ಪರಿಣಾಮದ ಹಲವು ವಂಶವಾಹಿಗಳ ಪಾಲೂ ಇದೆ. ಹೀಗಾಗಿ ಒಂದೇ ಎತ್ತರದ ಗಿಡ್ಡ ತಳಿಸಾಲುಗಳಲ್ಲೂ ಮೊಳಕೆಯ ಉದ್ದ ಬೇರೆ ಬೇರೆ ಇರುತ್ತದೆ. ಕತ್ತಲಲ್ಲಿ, ಒಂದೇ ಉಷ್ಣತೆಯಲ್ಲಿ, ಸಮಗಾತ್ರದ ಕಾಳುಗಳನ್ನು ಮೊಳೆಯಿಸಿ ಅಳೆದರೆ ಆಯ್ಕೆ ಫಲಿಸುತ್ತದೆ. ಕಾಳಿನ ಗಾತ್ರವನ್ನು ಲೆಕ್ಕಿಸದೆ ಅಳೆದರೆ ಆಯ್ಕೆಯಾಗುವುದು ದಪ್ಪ ಕಾಳು, ಉದ್ದ ಮೊಳಕೆಯಲ್ಲ.

ಇನ್ನೊಂದು ದಾರಿ ಜಪಾನಿನ ಅಕಾಕೊಮುಗಿ ಎಂಬ ಗೋಧಿ ತಳಿಯದು. ಇಟಲಿಯ ತಳಿತಜ್ಞ ನಜರೇನೊ ಸ್ಟ್ರಾಂಪೆಲ್ಲಿ 20ನೇ ಶತಮಾನದ ಆರಂಭದಲ್ಲೇ ಇದನ್ನು ಸಂಕರಕ್ಕೆ ಬಳಸಿದ್ದರು. ಇದರ ಆರ್‌ಎಚ್‌ಟಿ 8 ವಂಶವಾಹಿ ಕಾಂಡವನ್ನು ತುಸು ಗಿಡ್ಡಗೊಳಿಸಿದರೂ ಗಿಬ್ಬರೆಲಿನ್‌ಗೆ ಓಗೊಡುತ್ತದೆ, ಮೊಳಕೆಯ ಉದ್ದವನ್ನು ಉಳಿಸುತ್ತದೆ. ವಿಚಿತ್ರವೆಂದರೆ ನಿಜವಾದ ನೆರೆಹೊರೆಯ ನಂಟು ಇರುವುದು ಇಲ್ಲಿ: 2ಡಿ ವರ್ಣತಂತುವಿನ ಅದೇ ತೋಳಿನಲ್ಲಿ, ಹಗಲಿನ ಉದ್ದಕ್ಕೆ ಕಾಯದೆ ಬೇಗ ತೆನೆ ಬಿಡಿಸುವ ವಂಶವಾಹಿಯೂ ಇದೆ. ದಕ್ಷಿಣ ಯೂರೋಪಿನ ಸುಡುಬೇಸಿಗೆಗೆ ಈ ಜೋಡಿ ಒಗ್ಗಿತು. ತಡವಾಗಿ ಮಾಗುವ ಉತ್ತರದ ಸೀಮೆಗಳಿಗೆ ಎರಡನ್ನೂ ಬಿಡಿಸಿಕೊಳ್ಳಬೇಕು. ಈ ಗಂಟು ಸಂಕರದಿಂದ ಬಿಚ್ಚುವಂಥದ್ದು.