ತಟ್ಟೆ ಅಜ್ಜನದು, ಕಾಲು ನಮ್ಮದು

ಇವತ್ತು ರಾಜಕೀಯ ಬೇಡ. ಇವತ್ತು ಹೊಟ್ಟೆ ಬಗ್ಗೆ ಮಾತಾಡೋಣ. ಯಾರದೋ ಹೊಟ್ಟೆ ಅಲ್ಲ. ಈಗ ಸೋಫಾ ಮೇಲೆ ಕೂತು ಈ ಕಾರ್ಯಕ್ರಮ ನೋಡ್ತಾ ಇದ್ದೀರಲ್ಲ, ನಿಮ್ಮ ಹೊಟ್ಟೆ. ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ಕುರ್ಚಿ ಬಿಡದೆ ಮಾತಾಡುವ ನನ್ನ ಹೊಟ್ಟೆಯನ್ನೂ ಸೇರಿಸಿಕೊಳ್ಳಿ.

2023ರಲ್ಲಿ ಐಸಿಎಂಆರ್ ನೆರವಿನಿಂದ ನಡೆದ ದೊಡ್ಡ ಅಧ್ಯಯನವೊಂದರ ಲೆಕ್ಕ ಹೊರಗೆ ಬಂತು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಬಾಗಿಲಲ್ಲೇ ನಿಂತಿದ್ದಾರೆ. ನೂರಕ್ಕೆ ಸುಮಾರು 40 ಜನರಿಗೆ ಹೊಟ್ಟೆಯ ಬೊಜ್ಜು. ಇದು ಬರೀ ಅಂದಚೆಂದದ ಪ್ರಶ್ನೆ ಅಲ್ಲ ಅನ್ನೋದು ಈ ಮೂರು ಅಂಕಿಯಲ್ಲೇ ಗೊತ್ತಾಗುತ್ತೆ.

ಇದಕ್ಕೆ ಉದಾಹರಣೆಯಾಗಿ ನಾನು ಬೆಂಗಳೂರಿನ ಐಟಿ ಉದ್ಯೋಗಿಯನ್ನ ತಗೊಳ್ಳಲ್ಲ. ಕೊಡಗನ್ನ ತಗೊಳ್ತೀನಿ. ಯಾಕೆ ಗೊತ್ತಾ? ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರನ್ನ ಕೊಟ್ಟ ನೆಲ ಅದು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ, 2024ಕ್ಕೆ ಬರುವಷ್ಟರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆ ಆಯ್ತು. ಅಂಥ ನೆಲದಲ್ಲೂ ಕಾಲು ನಿಲ್ತಾ ಇದೆ ಅಂದ್ರೆ, ಉಳಿದವರ ಕಥೆ ಏನು?

ಕೊಡಗಿನ ಹಳೆಯ ಕ್ಯಾಲೆಂಡರ್ ನೋಡಿ. ಮಳೆಗಾಲ ಪೂರ್ತಿ ಗದ್ದೆ ಕೆಲಸ. ಮೊಣಕಾಲುದ್ದ ಕೆಸರಲ್ಲಿ ಉಳುಮೆ, ನಾಟಿ. ಆ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ, ಕೈಲ್ ಮುಹೂರ್ತ. ಆಯುಧ ಪೂಜೆ, ಆಮೇಲೆ ಕಡಂಬುಟ್ಟು, ಪಂದಿ ಕರಿ. ಮುಂದೆ ಬೆಳೆ ಕೈಗೆ ಬರುವಾಗ ಹುತ್ತರಿ. ಅಂದ್ರೆ ಏನು? ಮೊದಲು ದುಡಿಮೆ, ಆಮೇಲೆ ಔತಣ. ಯಾವ ಡಯಟೀಷಿಯನ್ನೂ ಹೇಳಿಕೊಡದ ಆಹಾರ ಮತ್ತು ವ್ಯಾಯಾಮದ ಸಮತೋಲನ ಅಲ್ಲಿತ್ತು. ಶಾಲೆಗೆ, ಸಂತೆಗೆ, ನೆಂಟರ ಮನೆಗೆ ಎಲ್ಲಕ್ಕೂ ಏರು ಹತ್ತಿ ಇಳೀಬೇಕಿತ್ತು. ವಾಕಿಂಗ್ ಅಂತ ಬೇರೆ ಹೆಸರು ಅದಕ್ಕಿರಲಿಲ್ಲ.

ಈಗ? ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ. ತೋಟದ ಕೆಲಸಕ್ಕೆ ಹೊರಗಿನಿಂದ ಕಾರ್ಮಿಕರು ಬರ್ತಾರೆ. ಗೇಟಿನವರೆಗೂ ಜೀಪು, ಅಂಗಡಿಗೆ ಸ್ಕೂಟರು. ಕಾಲಿನ ಕೆಲಸ ಹೋಯ್ತು. ಆದರೆ ತಟ್ಟೆ ಹಾಗೇ ಇದೆ. ಅಲ್ಲ, ಇನ್ನೂ ದೊಡ್ಡದಾಗಿದೆ! ವರ್ಷಕ್ಕೆ ನಾಲ್ಕು ಸಲ ಬರ್ತಿದ್ದ ಔತಣ ಈಗ ಪ್ರತಿ ಭಾನುವಾರ ಬರುತ್ತೆ. ಅದರ ಜೊತೆಗೆ ಬೇಕರಿ, ಬಿರಿಯಾನಿ, ಕೋಲಾ. ಅಜ್ಜನ ತಟ್ಟೆಯಲ್ಲಿ ಉಣ್ತೀವಿ, ಅಜ್ಜನ ಹಾಗೆ ನಡೆಯಲ್ಲ. ಇದು ಕೊಡಗಿನ ಕಥೆ ಮಾತ್ರ ಅಂದ್ಕೋಬೇಡಿ. ಮಂಡ್ಯದ ಮುದ್ದೆಗೂ, ಕಲಬುರಗಿಯ ರೊಟ್ಟಿಗೂ ಇದೇ ಆಗಿದೆ.

ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ಸ್ವಲ್ಪ ಲೆಕ್ಕ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ. 70 ಕೆಜಿ ತೂಕದ ಮನುಷ್ಯ ಸಮತಟ್ಟಾದ ದಾರಿಯಲ್ಲಿ ಒಂದು ಕಿಲೋಮೀಟರ್ ನಡೆದರೆ ಖರ್ಚಾಗೋದು ಸುಮಾರು 50 ಕ್ಯಾಲೊರಿ. ಅರ್ಧ ಗಂಟೆ ಚುರುಕಾಗಿ ನಡೆದರೆ 120-130. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಎಷ್ಟಿದೆ? 120. ಅಲ್ಲಿಗೆ ಅರ್ಧ ಗಂಟೆಯ ವಾಕಿಂಗ್ ಸಮ ಆಯ್ತು. ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದ್ರೆ ಹತ್ತಿರ ಹತ್ತಿರ 100. ಎರಡು ಕಿಲೋಮೀಟರ್ ಹೋಯ್ತು. ಕೊಬ್ಬಿನ ಪದರ ಇರುವ ಹಂದಿ ಮಾಂಸ 100 ಗ್ರಾಂಗೆ ಸುಮಾರು 500. ಅದಕ್ಕೆ ಹತ್ತು ಕಿಲೋಮೀಟರ್ ನಡೀಬೇಕು! ವಾಕಿಂಗ್ ಮುಗಿಸಿ ಬಂದು "ಇವತ್ತು ನಡೆದಿದ್ದೀನಲ್ಲ" ಅಂತ ಇನ್ನೊಂದು ಸೌಟು ಹಾಕಿಸಿಕೊಳ್ಳೋರು ಈ ಲೆಕ್ಕ ನೆನಪಿಟ್ಕೊಳ್ಳಿ. ತಟ್ಟೆಯಲ್ಲಿ ಮಾಡುವ ಸಾಲವನ್ನ ಕಾಲು ಒಂದೇ ತೀರಿಸೋಕೆ ಆಗಲ್ಲ.

ಹಾಗಾದ್ರೆ ನಡೆಯೋದು ಯಾಕೆ? ಊಟ ಬಿಟ್ಟರೆ ಸಾಲದಾ? ಸಾಲಲ್ಲ. ಬರೀ ಉಪವಾಸ ಮಾಡಿ ಇಳಿಸಿದ ತೂಕದಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ. ನಾಳೆ ಮೆಟ್ಟಿಲು ಹತ್ತೋಕೆ ಬೇಕಾದ ಶಕ್ತಿಯೇ ಅದು. ಇನ್ನೊಂದು ವಿಷಯ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಭಾರತೀಯರ ಮೇಲೆ ಚೆನ್ನೈನ ವೈದ್ಯರು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯ್ತು. ಊಟ ಸರಿಮಾಡಿಕೊಂಡು, ನಡಿಗೆ ರೂಢಿಸಿಕೊಂಡವರ ಗುಂಪಿನಲ್ಲಿ ಕಾಯಿಲೆಗೆ ಜಾರುವ ಅಪಾಯ ಶೇಕಡಾ 28ರಷ್ಟು ಕಡಿಮೆ ಆಗಿತ್ತು. ಗಮನಿಸಬೇಕಾದ್ದು ಏನಂದ್ರೆ, ಅವರ ತೂಕ ಅಷ್ಟೇನೂ ಇಳಿದಿರಲಿಲ್ಲ. ಅದಕ್ಕೇ ಹೇಳೋದು, ತಿಂಗಳಿಗೆ ಒಂದು ಕೆಜಿ ಕೂಡ ಇಳೀಲಿಲ್ಲ ಅಂತ ನಡಿಗೆ ಬಿಟ್ಟುಬಿಡೋರು ತೂಕದ ಯಂತ್ರವನ್ನ ಮಾತ್ರ ನಂಬ್ತಾ ಇದ್ದಾರೆ. ಒಳಗೆ ಆಗುವ ಲಾಭ ಅದರಲ್ಲಿ ಕಾಣಲ್ಲ.

ಎರಡೂ ಸೇರಿದಾಗ ಏನಾಗುತ್ತೆ ನೋಡಿ. ತಟ್ಟೆಯಲ್ಲಿ ದಿನಕ್ಕೆ 250 ಕ್ಯಾಲೊರಿ ಕಡಿಮೆ ಮಾಡಿ. ನಡಿಗೆಯಲ್ಲಿ 150 ಖರ್ಚು ಮಾಡಿ. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. ಕಾಗದದ ಮೇಲೆ ತಿಂಗಳಿಗೆ ಒಂದೂವರೆ ಕೆಜಿ ಬರುತ್ತೆ. ದೇಹ ಯಂತ್ರ ಅಲ್ಲ, ಸ್ವಲ್ಪ ಕಡಿಮೆಯೇ ಸಿಗಬಹುದು.

250 ಕಡಿಮೆ ಮಾಡೋದು ಹೇಗೆ? ಪಂದಿ ಕರಿ ಬಿಡಿ ಅಂತ ನಾನು ಹೇಳಲ್ಲ. ಹೇಳಿದರೆ ನಾಳೆ ಮಡಿಕೇರಿಗೆ ನನ್ನನ್ನ ಬಿಡಲ್ಲ! ಅದನ್ನ ಹಬ್ಬಕ್ಕೆ ವಾಪಸ್ ಕಳಿಸಿ. ತುಂಡಿನಲ್ಲಿ ಕೊಬ್ಬು ಕಡಿಮೆ ಇರಲಿ. ಕಡಂಬುಟ್ಟು, ಅಕ್ಕಿ ರೊಟ್ಟಿ ಒಂದು ಕಡಿಮೆ ಮಾಡಿ, ಆ ಜಾಗಕ್ಕೆ ಕಣಿಲೆ, ಕೆಸುವಿನ ಸೊಪ್ಪು, ಅಣಬೆ, ಕಾಳು ಬರಲಿ. ಎಲ್ಲವೂ ಕೊಡಗಿನ ಮಳೆಗಾಲದ ಊಟವೇ. ಕಾಫಿಯ ಸಕ್ಕರೆ ಅರ್ಧ ಮಾಡಿ. ಬೆಲ್ಲ ಹಾಕಿದರೂ ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ, ಮೋಸ ಹೋಗ್ಬೇಡಿ.

ಮೋಸ ಅಂದಾಗ ನೆನಪಾಯ್ತು. ಕಾಚಂಪುಳಿ ಕೊಬ್ಬು ಕರಗಿಸುತ್ತೆ ಅನ್ನೋ ನಂಬಿಕೆ ಇದೆ. ಅದೇ ಜಾತಿಯ ಹಣ್ಣಿನ ಸಾರವನ್ನ ಗಾರ್ಸೀನಿಯಾ ಅಂತ ಮಾತ್ರೆ ಮಾಡಿ ಮಾರ್ತಾರೆ. ಅಮೆರಿಕದಲ್ಲಿ 135 ಜನರಿಗೆ 12 ವಾರ ಪರೀಕ್ಷೆ ಮಾಡಿ, 1998ರಲ್ಲೇ ಫಲಿತಾಂಶ ಕೊಟ್ಟರು. ನಿಜವಾದ ಮಾತ್ರೆಗೂ ಸುಳ್ಳು ಮಾತ್ರೆಗೂ ವ್ಯತ್ಯಾಸ ಸಿಗಲಿಲ್ಲ. ಮೇಲಾಗಿ ಇಂಥ ಮಾತ್ರೆ ತಿಂದವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ದಾಖಲಾಗಿವೆ. ಕಾಚಂಪುಳಿ ಸಾರಿನಲ್ಲಿ ರುಚಿಗೆ ಇರಲಿ, ಅಷ್ಟೇ ಸಾಕು.

ಇನ್ನು ನಡಿಗೆ. ಬೆಳಗ್ಗೆ ಐದಕ್ಕೆ ಎದ್ದು ಹೋಗಿ ಅಂತ ಟಿವಿಯಲ್ಲಿ ಹೇಳೋದು ಸುಲಭ. ಕಬ್ಬನ್ ಪಾರ್ಕ್‌ಗೆ ಅದು ಸರಿ. ಸಿದ್ದಾಪುರದ ತೋಟದ ದಾರಿಯಲ್ಲಿ ಐದು ಗಂಟೆಗೆ ಎದುರಾಗೋದು ಆನೆ. ಅಲ್ಲಿ ಚೆನ್ನಾಗಿ ಬೆಳಕು ಹರಿದ ಮೇಲೆ, ಗುಂಪಾಗಿ, ಅರಣ್ಯ ಇಲಾಖೆಯವರ ಸೂಚನೆ ಕೇಳಿಕೊಂಡೇ ಹೊರಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಕಾಲು ನಿಲ್ಲೋದು, ಚಳಿಗೆ ಬಾಯಿ ಓಡೋದು ಎರಡೂ ಆಗಲೇ. ಆ ನಾಲ್ಕು ತಿಂಗಳು ಜಗಲಿಯಲ್ಲಿ ಊಟ ಆದ ಮೇಲೆ ಮೂರು ಹೊತ್ತು ಹತ್ತತ್ತು ನಿಮಿಷ ನಡೆದರೂ ಸಾಕು. ಊಟದ ನಂತರದ ನಡಿಗೆ ರಕ್ತದ ಸಕ್ಕರೆ ಏರೋದನ್ನ ತಡೆಯುತ್ತೆ. ವಾರಕ್ಕೆ ಕನಿಷ್ಠ 150 ನಿಮಿಷ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಲೆಕ್ಕ ಹಾಕಿ, ಅಲ್ಲೇ 210 ಆಗುತ್ತೆ. ಸುಮ್ಮನೆ ಅಡ್ಡಾಡಬೇಡಿ, ಚುರುಕಾಗಿ ನಡೀರಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನೋದು ಶಾಸ್ತ್ರ ಅಲ್ಲ, 1965ರಲ್ಲಿ ಜಪಾನಿನ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದಿದ್ದು. ಹೆದರಬೇಡಿ.

ಕೊಡಗಿನವರಿಗೆ ಒಂದು ಅನುಕೂಲ ಇದೆ, ಏರು. ಏರು ಹತ್ತುವಾಗ ಸಮತಟ್ಟಿಗಿಂತ ಎರಡು ಪಟ್ಟು ಶಕ್ತಿ ಖರ್ಚಾಗಬಹುದು. ಇಳಿಯುವಾಗ ಮಾತ್ರ ನಿಧಾನ, ಮಂಡಿಗೆ ಹೊಡೆತ ಬೀಳೋದು ಅಲ್ಲೇ. ಹೃದಯದ ತೊಂದರೆ ಇದ್ದವರು, ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಮೊದಲು ವೈದ್ಯರನ್ನ ಕೇಳಿ. ನಡೆಯುವಾಗ ಎದೆ ಹಿಡಿದರೆ ಅಲ್ಲೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ.

ಕೊನೆಗೆ ಒಂದು ಕೆಲಸ ಹೇಳ್ತೀನಿ, ದುಡ್ಡು ಖರ್ಚಿಲ್ಲ. ಟೈಲರ್ ಟೇಪ್ ತಗೊಂಡು ಸೊಂಟ ಅಳೆಯಿರಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮಿತಿ. ಅದರ ಮೇಲಿದ್ದರೆ ಇವತ್ತು ರಾತ್ರಿಯ ಊಟದಲ್ಲೇ ಒಂದು ರೊಟ್ಟಿ ಕಡಿಮೆ ಮಾಡಿ, ಹತ್ತು ನಿಮಿಷ ನಡೀರಿ. ಬ್ರೇಕ್ ಇದೆ, ಬೇಕಾದ್ರೆ ಈಗಲೇ ಎದ್ದು ಶುರು ಮಾಡಿ.