ಬೇಟೆಗಾರನ ತಪ್ಪಿಗೆ ದಂಡವೆಷ್ಟು?

(ಉಪನ್ಯಾಸದ ಪಠ್ಯ)



ಬೇಟೆಗಾರನ ಬಾಯಿಂದ ಎಲ್ಲ ಕಾಲದಲ್ಲೂ ಕೇಳಿಬಂದಿರುವ ಮಾತೊಂದಿದೆ: 'ಗೊತ್ತಾಗಲಿಲ್ಲ'. ಹಂದಿ ಎಂದು ಹೊಡೆದೆ, ಮನುಷ್ಯನಾಗಿದ್ದ. ಗಂಡು ಎಂದು ಹೊಡೆದೆ, ಗಬ್ಬದ ಹೆಣ್ಣಾಗಿತ್ತು. ಕಾಡುಕುರಿ ಎಂದು ಹೊಡೆದೆ, ಕೊಂಡುಕುರಿಯಾಗಿತ್ತು. ಈ ಮಾತನ್ನು ಋಷಿಗಳು ಕೇಳಿದ್ದಾರೆ, ಊರ ಹಿರಿಯರು ಕೇಳಿದ್ದಾರೆ, ಇಂಗ್ಲಿಷ್ ಕಲೆಕ್ಟರುಗಳು ಕೇಳಿದ್ದಾರೆ, ಇಂದಿನ ಮ್ಯಾಜಿಸ್ಟ್ರೇಟರೂ ಕೇಳುತ್ತಿದ್ದಾರೆ. ಅವರೆಲ್ಲ ಅದಕ್ಕೆ ಕೊಟ್ಟ ಉತ್ತರ ಒಂದೇ ಆಗಿಲ್ಲ. ಆ ಉತ್ತರಗಳೇ ಇಂದಿನ ವಿಷಯ.

ಮೊದಲ ಮೊಕದ್ದಮೆ ಎಲ್ಲರಿಗೂ ಗೊತ್ತಿರುವುದೇ. ದಶರಥ ಇನ್ನೂ ಯುವರಾಜ. ಮಳೆಗಾಲದ ರಾತ್ರಿ, ಸರಯೂ ನದಿಯ ದಡ. ನೀರು ಕುಡಿಯಲು ಬರುವ ಕಾಡೆಮ್ಮೆಯನ್ನೋ ಆನೆಯನ್ನೋ ಹೊಡೆಯಬೇಕೆಂದು ಕಾದು ಕುಳಿತಿದ್ದಾನೆ. ನಮ್ಮ ಮಲೆನಾಡಿನವರ ಮಾತಿನಲ್ಲಿ ಹೇಳುವುದಾದರೆ ಮರಸು ಕೂತಿದ್ದಾನೆ. ಕತ್ತಲಲ್ಲಿ ಬುಳಬುಳ ಸದ್ದು ಕೇಳಿ ಆನೆಯೆಂದೇ ಬಾಣ ಬಿಡುತ್ತಾನೆ. ಅಲ್ಲಿದ್ದವನು ಕುರುಡು ತಂದೆತಾಯಿಗೆ ಕೊಡದಲ್ಲಿ ನೀರು ತುಂಬುತ್ತಿದ್ದ ಮುನಿಕುಮಾರ. ಜನ ಅವನನ್ನು ಶ್ರವಣಕುಮಾರ ಎನ್ನುತ್ತಾರೆ. ವಾಲ್ಮೀಕಿ ಅವನ ಹೆಸರನ್ನೇ ಹೇಳಿಲ್ಲ.

ಕಥೆಯ ಕರುಣೆಯಲ್ಲಿ ಮುಳುಗಿ ಅದರೊಳಗಿನ ನ್ಯಾಯನಿರ್ಣಯವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕುರುಡು ತಂದೆ ವಿಧಿಸುವ ಶಿಕ್ಷೆಯಲ್ಲಿ ಮೂರು ಅಂಶಗಳಿವೆ. ದಶರಥ ತಾನಾಗಿಯೇ ಬಂದು ತಪ್ಪೊಪ್ಪಿಕೊಂಡ, ಆದ್ದರಿಂದ ಅವನ ತಲೆ ಸಿಡಿದು ನೂರು ಸಾವಿರ ಹೋಳಾಗುವುದು ತಪ್ಪಿತು. ಅರಿಯದೆ ಮಾಡಿದ, ಆದ್ದರಿಂದ ರಘುವಂಶ ಉಳಿಯಿತು. ಆದರೂ ಒಂದು ಜೀವ ಹೋಗಿದೆ, ಆದ್ದರಿಂದ ಅವನೂ ಪುತ್ರಶೋಕದಿಂದಲೇ ಸಾಯಬೇಕು. ತಪ್ಪೊಪ್ಪಿಗೆಗೆ ರಿಯಾಯಿತಿ, ಅಜ್ಞಾನಕ್ಕೆ ರಿಯಾಯಿತಿ. ಪೂರಾ ಬಿಡುಗಡೆ ಮಾತ್ರ ಇಲ್ಲ. ಇಂದಿನ ನ್ಯಾಯಾಧೀಶರು ತೀರ್ಪು ಬರೆದರೂ ಇದಕ್ಕಿಂತ ಬೇರೆಯಾಗಿ ಬರೆಯುವುದು ಕಷ್ಟ.

ಕಾಳಿದಾಸ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ರಘುವಂಶದಲ್ಲಿ ಇದೇ ಪ್ರಸಂಗ ಹೇಳುವಾಗ, ಕಾಡಾನೆಯನ್ನು ಕೊಲ್ಲುವುದು ರಾಜನಿಗೆ ನಿಷಿದ್ಧವಾಗಿತ್ತು, ದಶರಥ ಅದನ್ನು ಮೀರಿದ ಎಂದು ಆಕ್ಷೇಪಿಸುತ್ತಾನೆ. ಅದೇ ಕಾವ್ಯದಲ್ಲಿ ದಶರಥನ ತಂದೆ ಅಜ, ಮೇಲೆ ಬಿದ್ದ ಕಾಡಾನೆಯನ್ನು ಕೊಲ್ಲದೆ ಹಿಮ್ಮೆಟ್ಟಿಸಲಷ್ಟೇ ಬಾಣ ಬಿಡುತ್ತಾನೆ. ಅಂದರೆ ದಶರಥನ ಬಾಣ ಗುರಿ ತಪ್ಪದೆ ನಿಜವಾದ ಆನೆಗೇ ತಾಗಿದ್ದರೂ ಅದು ಅಪರಾಧವೇ! ಗುರಿಯೇ ಕಾನೂನುಬಾಹಿರವಾಗಿದ್ದಾಗ 'ಗೊತ್ತಾಗಲಿಲ್ಲ' ಎಂಬ ಮಾತಿಗೆ ಎಷ್ಟು ಬೆಲೆ? ಈ ಪ್ರಶ್ನೆ ಮುಂದೆ ಮತ್ತೆ ಬರುತ್ತದೆ.

ಎರಡನೆಯದು ಪಾಂಡುವಿನ ಪ್ರಕರಣ. ಕೂಡುತ್ತಿದ್ದ ಜೋಡಿ ಜಿಂಕೆಗೆ ಬಾಣ ಬಿಟ್ಟ; ಅದು ಜಿಂಕೆಯ ರೂಪದಲ್ಲಿದ್ದ ಕಿಂದಮ ಮುನಿ. ಮಹಾಭಾರತದ ಆದಿಪರ್ವದಲ್ಲಿ ಸಾಯುತ್ತಿರುವ ಮುನಿಗೂ ಅರಸನಿಗೂ ವಕೀಲರಂತೆ ವಾಗ್ವಾದ ನಡೆಯುತ್ತದೆ. ಅರಸರಿಗೆ ಮೃಗಬೇಟೆ ಧರ್ಮವೇ, ಅಗಸ್ತ್ಯರೂ ಬೇಟೆಯಾಡಿದ್ದರು ಎಂದು ಪಾಂಡು ಪೂರ್ವನಿದರ್ಶನ ಮುಂದಿಡುತ್ತಾನೆ. ಮುನಿ ಅದನ್ನು ಒಪ್ಪಿಕೊಳ್ಳುತ್ತಾನೆ. ಮೃಗವನ್ನು ಕೊಂದದ್ದಕ್ಕೆ ತನ್ನ ಆಕ್ಷೇಪವಿಲ್ಲ, ತಾನು ಯಾರೆಂದು ಅರಸನಿಗೆ ತಿಳಿದಿರಲಿಲ್ಲವಾದ್ದರಿಂದ ಬ್ರಹ್ಮಹತ್ಯಾ ದೋಷವೂ ತಟ್ಟುವುದಿಲ್ಲ ಎನ್ನುತ್ತಾನೆ. ಆದರೆ ಕೂಡುವ ಹೊತ್ತಿನಲ್ಲಿರುವ ಪ್ರಾಣಿಗೆ ಬಾಣ ಬಿಟ್ಟದ್ದು ಕಣ್ಣಾರೆ ಕಂಡೇ ಮಾಡಿದ ಕೆಲಸ. ಶಾಪ ಬಂದದ್ದು ಅದಕ್ಕೆ. ಯಾವ ಪ್ರಾಣಿ ಎಂಬುದರಷ್ಟೇ ಯಾವ ಹೊತ್ತು ಎಂಬುದೂ ಮುಖ್ಯವೆಂಬ ಈ ವಿಚಾರ, ಪ್ರಾಣಿಗಳು ಮರಿ ಹಾಕುವ ಕಾಲದಲ್ಲಿ ಬೇಟೆ ನಿಷೇಧಿಸುವ ಆಧುನಿಕ ಕಾಯಿದೆಗಳಿಗಿಂತ ಎಷ್ಟೋ ಶತಮಾನ ಹಿಂದಿನದು.

ಕಥೆಯಿಂದ ಆಡಳಿತಕ್ಕೆ ಬರೋಣ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶಾಪವಿಲ್ಲ, ದರಪಟ್ಟಿಯಿದೆ. ಅಭಯ ಘೋಷಿಸಿದ ಮೃಗ, ಪಕ್ಷಿ, ಮೀನುಗಳನ್ನು ಹಿಡಿದರೆ ಅಥವಾ ಕೊಂದರೆ ಉತ್ತಮ ಸಾಹಸದಂಡ, ಅಂದರೆ 500ರಿಂದ 1000 ಪಣ. ಕರು, ಹೋರಿ, ಹಾಲು ಕೊಡುವ ಹಸುವನ್ನು ಕೊಂದರೆ 50 ಪಣ. ಆನೆಯನ್ನು ಕೊಂದವನಿಗೆ ಮರಣದಂಡನೆ. ತಾನಾಗಿ ಸತ್ತ ಆನೆಯ ಜೋಡಿ ದಂತ ತಂದೊಪ್ಪಿಸಿದವನಿಗೆ ನಾಲ್ಕೂಕಾಲು ಪಣ ಬಹುಮಾನ. ಆನೆಯ ಮೇಲಿನ ಈ ಪ್ರೀತಿಗೆ ಕಾರಣ ಕರುಣೆಗಿಂತ ಹೆಚ್ಚಾಗಿ ಸೈನ್ಯ ಎಂಬುದನ್ನು ಮರೆಯಬಾರದು. ಅಶೋಕನ ಐದನೆಯ ಸ್ತಂಭಶಾಸನದ ಧ್ವನಿ ಬೇರೆ. ಅಲ್ಲಿ ಗಿಳಿ, ಮೈನಾ, ಬಾವಲಿ, ಆಮೆ, ಅಳಿಲು ಎಲ್ಲವೂ ಅವಧ್ಯ. ಗಬ್ಬದ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳೂ ಆರು ತಿಂಗಳೊಳಗಿನ ಮರಿಗಳೂ ಅವಧ್ಯ.

ಕನ್ನಡ ನಾಡಿನ ಕಲ್ಲುಗಳು ಬೇಟೆಯ ಶೌರ್ಯವನ್ನು ಧಾರಾಳವಾಗಿ ಹೊಗಳಿವೆ. ಕ್ರಿ.ಶ. 949ರ ಆತಕೂರಿನ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಎರಡೂ ಸತ್ತ ಕಥೆಯಿದೆ. ಆ ನಾಯಿಗೆ ಕಲ್ಲು ನೆಡಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಗುರಿ ತಪ್ಪಿದವನ ಕಥೆ ಬೇಕಾದರೆ ಚೋಳರ ಕಾಲದ ತಮಿಳು ಶಾಸನಗಳಿಗೆ ಹೋಗಬೇಕು. ಬೇಟೆಗೆ ಹೋದವನು ಗುರಿ ತಪ್ಪಿ ಮನುಷ್ಯನನ್ನು ಕೊಂದ ಪ್ರಕರಣಗಳು ಅಲ್ಲಿ ದಾಖಲಾಗಿವೆ. ನಾಡಿನವರು ಸೇರಿ ವಿಚಾರಣೆ ನಡೆಸಿ, ಬೇಕೆಂದು ಮಾಡಿದ್ದಲ್ಲವಾದ್ದರಿಂದ ಅವನು ಸಾಯಬೇಕಾಗಿಲ್ಲ ಎಂದು ತೀರ್ಮಾನಿಸುತ್ತಾರೆ. ಬದಲಿಗೆ ದೇವಸ್ಥಾನದಲ್ಲಿ ದೀಪ ಉರಿಸಲು ಹಸುಗಳನ್ನು ಕೊಡಬೇಕು. ಹಸುವಿನ ತುಪ್ಪದಿಂದ ದೀಪ ಉರಿಯುತ್ತಿರುವವರೆಗೂ ಸತ್ತವನ ನೆನಪು, ಕೊಂದವನ ತಪ್ಪು, ಎರಡೂ ಊರ ಕಣ್ಣೆದುರಿಗೆ ಇರುತ್ತವೆ. ಈ ಶಿಕ್ಷೆಯಲ್ಲಿ ಒಂದು ಘನತೆಯಿದೆ. ಸತ್ತವನ ಹೆಂಡತಿ ಮಕ್ಕಳಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಯೂ ಓದುವವರಿಗೆ ಬಾರದೆ ಇರದು.

ಬ್ರಿಟಿಷರ ಕಾಲಕ್ಕೆ ಬೇಟೆ 'ಷಿಕಾರಿ' ಆಯಿತು. ಅದಕ್ಕೆ ಲೈಸೆನ್ಸು, ಋತು, ದಂಡ ಎಲ್ಲ ಬಂದವು. ಆನೆಗಳಿಗಾಗಿ 1873ರಲ್ಲಿ ಮದ್ರಾಸ್ ಪ್ರಾಂತ್ಯ, 1879ರಲ್ಲಿ ಭಾರತ ಸರ್ಕಾರ ಕಾಯಿದೆ ಮಾಡಿದವು. 1879ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಕೊಂದ ಅಥವಾ ಹಿಡಿದ ಪ್ರತಿ ಆನೆಗೂ 500 ರೂಪಾಯಿವರೆಗೆ ದಂಡ. ಎರಡನೆಯ ಸಲ ಸಿಕ್ಕಿಬಿದ್ದರೆ ಆರು ತಿಂಗಳ ಸಜೆ, 1000 ರೂಪಾಯಿ ದಂಡ ಅಥವಾ ಎರಡೂ. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ತನ್ನದೇ ಕಾನೂನು ತಂದಿತು. 1912ರ ವನ್ಯಪಕ್ಷಿ ಮತ್ತು ಪ್ರಾಣಿ ಸಂರಕ್ಷಣಾ ಕಾಯಿದೆಯ ಪಟ್ಟಿಯಲ್ಲಿ ಜಿಂಕೆ, ಕಾಟಿ, ಮೊಲ, ನವಿಲುಗಳಿದ್ದವು. ಹುಲಿ ಇರಲಿಲ್ಲ! ನಿಷೇಧದ ಕಾಲದಲ್ಲಿ ಮೊಲ ಹೊಡೆದವನಿಗೆ 50 ರೂಪಾಯಿವರೆಗೆ ದಂಡ ಬೀಳಬಹುದಿತ್ತು. ಹುಲಿ ಹೊಡೆದವನಿಗೆ ಈ ಕಾಯಿದೆಯ ಭಯವೇ ಇರಲಿಲ್ಲ.

ಆನೆಯ ವಿಷಯದಲ್ಲಿ ಮಾತ್ರ ಎಚ್ಚರ ಹೆಚ್ಚು. ಜನರನ್ನು ಕೊಲ್ಲುವ ಪುಂಡಾನೆಯನ್ನು ಸರ್ಕಾರ ಹೆಜ್ಜೆಯ ಅಳತೆ, ದಂತದ ವಿವರಗಳೊಂದಿಗೆ ಘೋಷಿಸಿದ ಮೇಲಷ್ಟೇ ಷಿಕಾರಿಯವರು ಕೋವಿ ಎತ್ತಬೇಕಿತ್ತು. ಆನೆಯ ಮುಂಗಾಲ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಭುಜದವರೆಗಿನ ಎತ್ತರ ಸಿಗುತ್ತದೆ ಎಂಬ ಲೆಕ್ಕ ಇಲ್ಲಿ ಪ್ರಯೋಜನಕ್ಕೆ ಬರುತ್ತಿತ್ತು. ಕೆನೆತ್ ಆಂಡರ್ಸನ್ನರ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು' ಮೂಲಕ ಓದಿದವರಿಗೆ ಈ ಲೋಕ ಪರಿಚಿತ.

ಸ್ವಾತಂತ್ರ್ಯಾನಂತರದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಒಮ್ಮೆಗೇ ನಿಲ್ಲಿಸಿತು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. 1991ರ ತಿದ್ದುಪಡಿಯವರೆಗೆ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸಿಗೆ ಅವಕಾಶವಿತ್ತು. ಆದರೆ ಷರತ್ತುಗಳು ಬಿಗಿ. ಮರಿಗಳನ್ನು, ಹೆಣ್ಣು ಪ್ರಾಣಿಗಳನ್ನು, ಕೊಂಬಿನ ಮೇಲಿನ ಮೃದುಚರ್ಮ ಇನ್ನೂ ಕಳಚದ ಜಿಂಕೆಗಳನ್ನು ವಿಶೇಷ ಅನುಮತಿಯಿಲ್ಲದೆ ಹೊಡೆಯುವಂತಿರಲಿಲ್ಲ. ರಾತ್ರಿ ಹೊತ್ತು, ದೀಪ ಬಿಟ್ಟು, ವಾಹನದಿಂದ, ನೀರಿನ ತಾಣದಲ್ಲಿ ಕಾದು ಹೊಡೆಯುವುದು ನಿಷಿದ್ಧ. ದಶರಥ ಕೂತದ್ದು ನೀರಿನ ಬದಿ, ಹೊಡೆದದ್ದು ಕತ್ತಲಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಕೊಂದ ಪ್ರಾಣಿಯ ಲೆಕ್ಕವನ್ನಷ್ಟೇ ಅಲ್ಲ, ಗಾಯಗೊಂಡು ಓಡಿದ ಪ್ರಾಣಿಯ ಲೆಕ್ಕವನ್ನೂ ಲೈಸೆನ್ಸುದಾರ 15 ದಿನದೊಳಗೆ ಬರವಣಿಗೆಯಲ್ಲಿ ಒಪ್ಪಿಸಬೇಕಿತ್ತು.

ಪ್ರಾಣಿಯನ್ನು ಗುರುತಿಸುವುದು ಅಷ್ಟು ಸುಲಭವೇ? ಕಾಡುಕುರಿಯೂ ಕೊಂಡುಕುರಿಯೂ ಕಂದು ಬಣ್ಣದ ಸಣ್ಣ ಪ್ರಾಣಿಗಳು. ಒಂದು ಬೊಗಳುವ ಜಿಂಕೆ, ಇನ್ನೊಂದು ನಾಲ್ಕು ಕೊಂಬಿನದು. ಕೊಂಡುಕುರಿಯ ಹೆಣ್ಣಿಗೆ ಕೊಂಬೇ ಇಲ್ಲ. ಹಣೆಗೆ ಬ್ಯಾಟರಿ ಕಟ್ಟಿಕೊಂಡು ಪೊದೆಯಲ್ಲಿ ಮಿನುಗುವ ಕಣ್ಣಿಗೆ ಈಡು ಹೊಡೆಯುವವನಿಗೆ ಈ ವ್ಯತ್ಯಾಸ ಎಲ್ಲಿ ಕಾಣಬೇಕು? 2022ರ ತಿದ್ದುಪಡಿಗೆ ಮುಂಚಿನ ಪಟ್ಟಿಯಲ್ಲಿ ಕಾಡುಕುರಿ ಮೂರನೆಯ ಅನುಸೂಚಿಯಲ್ಲಿತ್ತು, ಕೊಂಡುಕುರಿ ಮೊದಲನೆಯದರಲ್ಲಿ. ಶಿಕ್ಷೆಯ ಅಂತರವೋ ವರ್ಷಗಳದ್ದು. ಹೆಸರುಗಳ ಗೊಂದಲ ಬೇರೆ. ಕನ್ನಡದ ನರಿಯೇ ಒಂದು ಪ್ರಾಣಿ, ಕೊಡವ ತಕ್ಕಿನ ನರಿ ಎಂದರೆ ಹುಲಿ. ಹುಲಿ ಕೊಂದ ವೀರನಿಗೆ ಕೊಡಗಿನಲ್ಲಿ ಹಿಂದೆ ನಡೆಯುತ್ತಿದ್ದ 'ನರಿ ಮಂಗಲ'ದ ಹೆಸರು ಕೇಳಿ ಬಯಲುಸೀಮೆಯವರು ತಬ್ಬಿಬ್ಬಾಗುವುದುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಲಾಗಿದೆ. ಆದರೆ ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿಯೇ ಹೊರತು ಬೇಟೆಯ ಪರವಾನಗಿಯಲ್ಲ. ಕೈಲ್‌ಪೊಳ್ದ್ ಹಬ್ಬದಂದು ಈಗ ಗುಂಡು ಬೀಳುವುದು ತೆಂಗಿನಕಾಯಿಗೆ.

ಸದ್ಯದ ಶಿಕ್ಷೆ ಹೀಗಿದೆ. ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮೊದಲ ಅನುಸೂಚಿಯ ಪ್ರಾಣಿಯಾದರೆ, ಅಥವಾ ಬೇಟೆ ನಡೆದದ್ದು ಅಭಯಾರಣ್ಯದಲ್ಲೋ ರಾಷ್ಟ್ರೀಯ ಉದ್ಯಾನದಲ್ಲೋ ಆದರೆ, ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸಜೆ. ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಜೀವ ಉಳಿಸಿಕೊಳ್ಳಲು ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ ಎಂದು ಹನ್ನೊಂದನೆಯ ಸೆಕ್ಷನ್ ಹೇಳುತ್ತದೆ. ಆದರೆ ಕಾಯಿದೆ ಮುರಿಯಲು ಹೊರಟವನೇ ಅಪಾಯಕ್ಕೆ ಸಿಕ್ಕಿ ಗುಂಡು ಹಾರಿಸಿದರೆ ಆ ರಕ್ಷಣೆ ಇಲ್ಲ. ಹಂದಿ ಹೊಡೆಯಲು ಕದ್ದು ಹೋದವನ ಮೇಲೆ ಕರಡಿ ಎರಗಿತು ಎನ್ನೋಣ. ಕರಡಿಯನ್ನು ಕೊಂದು ಪ್ರಾಣ ಉಳಿಸಿಕೊಂಡರೂ ಅವನು ಆರೋಪಿಯೇ. ಕೊಂದ ಪ್ರಾಣಿ ಸರ್ಕಾರದ ಸ್ವತ್ತು. ಅಂಥದ್ದು ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸು ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು.

ಪ್ರಾಣಿಯೆಂದು ಮನುಷ್ಯನನ್ನೇ ಹೊಡೆದಾಗ ವಿಷಯ ದಂಡಸಂಹಿತೆಗೆ ಹೋಗುತ್ತದೆ. ನಾಗಪುರ ಹೈಕೋರ್ಟಿನ ಮುಂದೆ ಬಂದು 1952ರಲ್ಲಿ ವರದಿಯಾದ ಪ್ರಕರಣದಲ್ಲಿ ಆರೋಪಿ ಕತ್ತೆಕಿರುಬವೆಂದು ಗುಂಡು ಹಾರಿಸಿದ್ದ. ಸತ್ತದ್ದು ಮನುಷ್ಯ. ಕೋವಿಗೆ ಲೈಸೆನ್ಸೂ ಇರಲಿಲ್ಲ. ಆದರೂ ಅದು ಆಕಸ್ಮಿಕವೆಂದು ಕೋರ್ಟು ಅವನಿಗೆ ವಿನಾಯಿತಿ ನೀಡಿತು. 1978ರಲ್ಲಿ ವರದಿಯಾದ ಒಡಿಶಾ ಹೈಕೋರ್ಟಿನ ಪ್ರಕರಣ ದಶರಥನ ಕಥೆಯನ್ನೇ ಹೋಲುತ್ತದೆ. ಜೋಳದ ಹೊಲ ಕಾಯುತ್ತಿದ್ದವನು, ಚಲಿಸಿದ ಆಕೃತಿಯನ್ನು ಕರಡಿಯೆಂದು ನಂಬಿ ಬಾಣ ಬಿಟ್ಟ, ಸತ್ತವನು ಮನುಷ್ಯ. ಅವನೂ ಬಿಡುಗಡೆಯಾದ. ಈ ವಿನಾಯಿತಿಗೆ ಆಧಾರವಾದ ಹಳೆಯ ಭಾರತೀಯ ದಂಡಸಂಹಿತೆಯ 80ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 18ನೆಯ ಕಲಮಾಗಿದೆ. ಅದರ ಪ್ರಕಾರ ಕೆಲಸ ಕಾನೂನುಬದ್ಧವಾಗಿರಬೇಕು, ಮಾಡಿದ ರೀತಿಯೂ ಕಾನೂನುಬದ್ಧವಾಗಿರಬೇಕು, ತಕ್ಕ ಎಚ್ಚರಿಕೆಯೂ ಇರಬೇಕು. ಬೆಳೆ ಕಾಯುವುದು ಕಾನೂನುಬದ್ಧ ಕೆಲಸ. ಕಳ್ಳಬೇಟೆ ಅಲ್ಲ. ಕಾಳಿದಾಸ ಎತ್ತಿದ ಆಕ್ಷೇಪ ಇಲ್ಲಿಗೆ ಬಂದು ಕಲಮಿನ ರೂಪ ತಾಳಿದೆ. ನಿರ್ಲಕ್ಷ್ಯದಿಂದ ಸಾವು ತಂದವನಿಗೆ ಹಿಂದೆ ಎರಡು ವರ್ಷದವರೆಗೆ ಇದ್ದ ಸಜೆ ಹೊಸ ಸಂಹಿತೆಯಲ್ಲಿ ಐದು ವರ್ಷಕ್ಕೇರಿದೆ.

ಇಂದು ತಪ್ಪು ಪ್ರಾಣಿ ಸಾಯುತ್ತಿರುವುದು ಹೆಚ್ಚಾಗಿ ಕೋವಿಯಿಂದಲ್ಲ. ಹಂದಿಗೆಂದು ಬೇಲಿಯಲ್ಲಿ ಕಟ್ಟಿದ ತಂತಿಯ ಉರುಳಿಗೆ ಚಿರತೆ ಬೀಳುತ್ತದೆ. ಹಂದಿಗೆಂದು ಲೈನಿನಿಂದ ಕರೆಂಟು ಹರಿಸಿದ ಬೇಲಿಗೆ ಆನೆ ತಗಲುತ್ತದೆ. ಕೆಲವೊಮ್ಮೆ ನೀರು ಕಟ್ಟಲು ಹೋದ ಪಕ್ಕದ ಹೊಲದ ರೈತನೇ ತಗಲುತ್ತಾನೆ. ದಶರಥನಿಗೆ ಕಿವಿಯಾದರೂ ಇತ್ತು. ಉರುಳಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಉರುಳೊಡ್ಡುವುದು, ವಿಷವಿಡುವುದು, ಅಂಥ ಪ್ರಯತ್ನ ಮಾಡುವುದು ಎಲ್ಲವೂ ಕಾಯಿದೆಯ ಅರ್ಥದಲ್ಲಿ ಬೇಟೆಯೇ. ಬೆಳೆ ಕಳೆದುಕೊಂಡು ಕಂಗಾಲಾದ ರೈತನಿಗೆ ಇದು ಅರ್ಥವಾಗುವಷ್ಟರಲ್ಲಿ ಕೇಸು ಬಿದ್ದಿರುತ್ತದೆ. ಅವನು ಬಯಸಿದ್ದು ಹಂದಿಯನ್ನು, ಬಿದ್ದಿರುವುದು ಮೊದಲ ಅನುಸೂಚಿಯ ಆನೆ. ಶಿಕ್ಷೆ ಹೇಳುವ 51ನೆಯ ಸೆಕ್ಷನ್ನಿನ ಮೊದಲ ಸಾಲುಗಳಲ್ಲಿ 'ತಿಳಿದೂ ತಿಳಿದು' ಎಂಬ ಮಾತಿಲ್ಲ.

2020ರ ಮೇ 27ರಂದು ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗರ್ಭಿಣಿ ಆನೆಯೊಂದು ಬಾಯಿ ಛಿದ್ರವಾಗಿ, ವೆಳ್ಳಿಯಾರ್ ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟಿತು. ಹಂದಿಗಳಿಗೆಂದು ಕಾಯಿಯೊಳಗೆ ಇಟ್ಟಿದ್ದ ಸಿಡಿಮದ್ದನ್ನು ಅದು ಕಚ್ಚಿತ್ತು ಎಂಬುದು ತನಿಖೆಯಿಂದ ಹೊರಬಂದ ಸಂಗತಿ. ಎರಡು ವರ್ಷಗಳ ನಂತರ, 2022ರ ಮೇ ತಿಂಗಳಲ್ಲಿ, ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರ್ಕಾರ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ನೀಡಿತು. ವಿಷ, ಸ್ಫೋಟಕ, ವಿದ್ಯುತ್ತು ಈ ಮೂರನ್ನೂ ಬಳಸಬಾರದೆಂಬುದು ಅದರ ಷರತ್ತು.